ಹಿಮಖಂಡಕ್ಕೆ ಹೊರಟವಳ ಮೆಚ್ಚಿನ ಮೂರು ಕಾದಂಬರಿಗಳು

ಹೊಲಿಗೆ ಅಂಗಡಿ,
ಭಾನುವಾರ ಮಧ್ಯಾಹ್ನ

ಹಿರಿಮಗಳಿಗೆ ಅಮ್ಮನ ಆಶೀರ್ವಾದ.

ನೀನು ಕಳಿಸಿದ ಮೂರೂ ಕಾದಂಬರಿಗಳನ್ನು ಓದಿದೆ. ಹಿಮಖಂಡದ ಹವಾಮಾನ ಕೇಂದ್ರಕ್ಕೆ ಯಂತ್ರ ರಿಪೇರಿಗೆಂದು ಎರಡು ವರ್ಷ ಹೋಗುವವಳು ನೀನು. 'ನೀನು ಬೇಡ ಅಂದರೆ ಹೋಗುವುದಿಲ್ಲ, ಆದರೆ ಮೊದಲು ನನ್ನ ಮೆಚ್ಚಿನ ಲೇಖಕನನ್ನು ಓದಮ್ಮಾ, ಆಗ ನನ್ನ ಆಸೆ ಅರ್ಥವಾಗುತ್ತದೆ' ಎಂದು ಬರೆದಿದ್ದೀಯ. ನಾನು ಹೈಸ್ಕೂಲು ಮುಗಿಸಿದವಳು. ಅರ್ಥವಾಗದಂಥದ್ದು ಅದರಲ್ಲಿ ಏನೂ ಇಲ್ಲ.

ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಂಪು ಗ್ರಹದ ಕಥೆಯಂತೆ. ಅದರ ಗಂಡಸರು ತೊಟ್ಟ ಅಂಗಿಯಲ್ಲೇ ವರ್ಷಗಟ್ಟಲೆ ಹಾರುತ್ತಾರೆ, ಒಬ್ಬನ ಗುಂಡಿಯೂ ಕಿತ್ತುಬರುವುದಿಲ್ಲ. ನಮ್ಮ ಕಟಿಂಗ್ ಮಾಸ್ಟರಿಗೆ ಓದಿ ಹೇಳಿದೆ. 'ಅಕ್ಕಾ, ಆ ಟೈಲರ್ ಎಲ್ಲಿದ್ದಾನೆ ಕೇಳಿ, ನಾನೂ ಹೋಗಿ ಕೆಲಸ ಕಲ್ತ್ಕೊಂಡು ಬರ್ತೀನಿ' ಎಂದ.

ಎರಡನೆಯದರಲ್ಲಿ ಯಂತ್ರಗಳು ಮನುಷ್ಯರ ಮೇಲೆ ತಿರುಗಿಬೀಳುತ್ತವೆ. ವಾರ ಎಣ್ಣೆ ಬಿಡದಿದ್ದರೆ ನನ್ನ ಹೊಲಿಗೆ ಯಂತ್ರವೂ ತಿರುಗಿಬೀಳುತ್ತದೆ. ಅದನ್ನು ಹೇಳಲು ಅಷ್ಟು ದಪ್ಪದ ಪುಸ್ತಕ ಬೇಕಿತ್ತೆ?

ಚಂದ್ರನ ಮೇಲೆ ದೀಪ ಕಾಯುವ ಹೆಂಗಸಿನ ಕಥೆಯನ್ನು ಕೊನೆಗಿಟ್ಟು, 'ಸ್ವಲ್ಪ ನಿಧಾನ' ಎಂದು ಪೆನ್ಸಿಲಿನಲ್ಲಿ ಗೀಚಿದ್ದೀಯ. ನಿನ್ನ ರುಚಿಗೆ ಏನು ಹೇಳಲಿ! ನಿನ್ನ ಲೇಖಕ ಮಹಾಶಯನ ತಲೆ ಓಡಿದ್ದೇ ಅದೊಂದರಲ್ಲಿ. ಅಲ್ಲೂ ಮಗ ಆಕಾಶದ ಹಡಗು ಹತ್ತುವ ದಿನ ಆಕೆ ಕಿಟಕಿಗೆ ಆತು ನಿಂತು ಅಳುತ್ತಾಳೆಂದು ಬರೆದು ಕೆಡಿಸಿದ್ದಾನೆ. ಕೆಲಸವಿರುವ ಹೆಂಗಸು ಕಿಟಕಿಯ ಹತ್ತಿರ ಸುಳಿಯುವುದೇ ಇಲ್ಲ. ನಿಮ್ಮಪ್ಪ ಅದನ್ನು ಓದಿ ಕಣ್ಣೊರೆಸಿಕೊಂಡರು. ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದ್ದು ತಪ್ಪು ಹುಡುಕಲಿಕ್ಕೆ.

ಇನ್ನು ನಿನ್ನ ಪ್ರಶ್ನೆ. ಹೋಗು ಎಂದು ನನ್ನ ಕೈಯಿಂದ ಬರೆಸಬೇಡ. ಬೇಡ ಎಂದು ಬರೆಸಿ, ಮುಂದೆ ಜೀವನವಿಡೀ ನನ್ನ ಕಡೆ ಬೆರಳು ತೋರಿಸುವ ಅನುಕೂಲವನ್ನೂ ನಿನಗೆ ಮಾಡಿಕೊಡುವುದಿಲ್ಲ. ಹಡಗು ಹೊರಡುವ ದಿನ ನಾನು ಬರಲಾರೆ. ಶಾಲೆಗಳು ತೆರೆಯುವ ಹೊತ್ತು, ಯೂನಿಫಾರಂ ರಾಶಿ ಬಿದ್ದಿದೆ.

ಹೇಳಬೇಕಾದ್ದನ್ನು ಹೇಳಿದ್ದೇನೆ.
ಅಮ್ಮ

ಮರೆತಿದ್ದೆ: ಒಂದು ದಪ್ಪ ಕೋಟು ಹೊಲಿದು ಕಳಿಸುತ್ತಿದ್ದೇನೆ. ತಿರುಗಿ ಬರದ ಗಿರಾಕಿಗೆ ನಾನು ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಡುವವಳಲ್ಲ, ನಿನಗೇ ಗೊತ್ತು. ಇದರಲ್ಲಿ ಎರಡು ಬೆರಳಗಲ ಬಿಟ್ಟಿದ್ದೇನೆ. ಅಲ್ಲಿ ಕೂತು ತಿಂದು ದಪ್ಪಗಾದರೆ ಬೇರೆ ಯಾರ ಕೈಗೂ ಕೊಡಬೇಡ. ನಾನೇ ಬಿಚ್ಚಿ ಹೊಲಿಯಬೇಕು.