ಅರ್ಥಿಂಗ್ ಇಲ್ಲದ ಸಾಕೆಟ್

ಹನ್ನೆರಡನೇ ತಾರೀಖು, ಗುರುವಾರ

ನಮ್ಮ ಬೀದಿಯ ಟೈಲರ್ ಹೆಂಡತಿ ನಿನ್ನೆ ಕರೆಂಟ್ ಹೊಡೆದು ಹೋಗಿಬಿಟ್ಟಳು. ಹೋದ ತಿಂಗಳು ಅವರ ಅಡುಗೆಮನೆಯಲ್ಲಿ ಫ್ರಿಜ್ ಕೂರಿಸಿ, ಅದರ ಐಸ್ ಮಾಡುವ ಪೆಟ್ಟಿಗೆಗೆ ನೀರಿನ ಪೈಪ್ ಎಳೆದುಕೊಟ್ಟವನು ನಾನು.

ಸಾಕೆಟ್ ಪರೀಕ್ಷೆ ಮಾಡಿದಾಗಲೇ ಗೊತ್ತಾಗಿತ್ತು, ಅದಕ್ಕೆ ಅರ್ಥಿಂಗ್ ಇಲ್ಲ. "ಮೊದಲು ಎಲೆಕ್ಟ್ರಿಷಿಯನ್ ಕರೆಸಮ್ಮ, ಆಮೇಲೆ ಆನ್ ಮಾಡೋಣ" ಎಂದೆ. ಗಂಡ ಅಂಗಡಿಯಲ್ಲಿದ್ದ. "ಅಣ್ಣಾ, ಹಾಲು ಕೆಟ್ಟುಹೋಗತ್ತೆ, ಇವತ್ತೊಂದಿನ ಹಾಕ್ಕೊಟ್ಬಿಡಿ" ಎಂದು ನಗುತ್ತಾ ಕೇಳಿದಳು. ನನಗೂ ಇನ್ನೆರಡು ಮನೆಗೆ ಹೋಗುವ ಅವಸರ. ಪ್ಲಗ್ ಚುಚ್ಚಿ ಸ್ವಿಚ್ ಹಾಕಿದೆ.

ನಿನ್ನೆ ಪೈಪಿನ ಜಾಯಿಂಟ್ ಸೋರಿ ನೆಲವೆಲ್ಲ ಒದ್ದೆಯಾಗಿತ್ತಂತೆ. ಹಿಂದುಗಡೆ ಇಲಿ ತಂತಿ ಕಡಿದು ಫ್ರಿಜ್ಜಿನ ಮೈಗೆಲ್ಲ ಕರೆಂಟ್ ಹರಿದಿತ್ತು. ಆಕೆ ಬರಿಗಾಲಲ್ಲಿ ನಿಂತು ಫ್ರಿಜ್ ಬಾಗಿಲಿಗೆ ಕೈ ಹಾಕಿದ್ದಾಳೆ. ಅರ್ಥಿಂಗ್ ಇದ್ದಿದ್ದರೆ ಕರೆಂಟ್ ನೆಲಕ್ಕಿಳಿದು ಫ್ಯೂಸ್ ಹಾರುತ್ತಿತ್ತು, ಅಷ್ಟೇ.

ಬೈಸಿಕೊಳ್ಳಲು, ಏಟು ತಿನ್ನಲು ಸಿದ್ಧನಾಗಿಯೇ ಇವತ್ತು ಅವರ ಮನೆಗೆ ಹೋದೆ. ಟೈಲರ್ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ನೆಂಟರ ಕಡೆ ತಿರುಗಿ, "ಇವರು ಅವತ್ತೇ ಬೇಡ ಅಂತ ಬಡ್ಕೊಂಡಿದ್ರು. ಇವರು ಹೋದ್ಮೇಲೆ ಅವಳೇ ಸ್ವಿಚ್ ಹಾಕ್ಕೊಂಡ್ಳಂತೆ. ಅವಳೇ ಹೇಳಿದ್ಲು ನಂಗೆ" ಎಂದ.

ಗಂಡ ನನ್ನನ್ನು ಬೈಯಬಾರದೆಂದು ಆಕೆ ಹಾಗೆ ಸುಳ್ಳು ಹೇಳಿರಬೇಕು. ಯಾರೋ ನನಗೆ ಕುರ್ಚಿ ತಂದು ಹಾಕಿದರು. ಆಕೆಯ ತಾಯಿ ಒಳಗಿನಿಂದ, "ಹೇಳಿದ ಮಾತು ಕೇಳಿದ್ರೆ ಬದುಕ್ತಿದ್ಯಲ್ಲೇ" ಎಂದು ಗೋಳಾಡುತ್ತಿದ್ದರು.

ನಾನು ಹೋಗಿ ಆ ಕುರ್ಚಿಯ ಮೇಲೆ ಕೂತೆ.

ನಾಳೆ ಹೋಗಿ ಆ ತಾಯಿಗಾದರೂ ನಿಜ ಹೇಳಬೇಕು. 'ಹೇಳುತ್ತೇನೆ' ಎಂದು ಬರೆಯಲು ಮಾತ್ರ ಆಗುತ್ತಿಲ್ಲ.