ಕೌದಿಗೊಂದು ಹಗುರ ಇಸ್ತ್ರಿ

ಸೆಪ್ಟೆಂಬರ್ 3, ಬುಧವಾರ

ಇವತ್ತೂ ಕೌದಿಯ ನಾಲ್ಕು ಬಟ್ಟೆ ತುಂಡು ಜೋಡಿಸುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಂಡಿತು. ಹೊಲಿಗೆಯಿಂದಲ್ಲ, ಇಸ್ತ್ರಿಯಿಂದ. ಹಳೆಯ ಪೆಟ್ಟಿಗೆ, ಎತ್ತಿ ಇಡುವುದೇ ಒಂದು ಕೆಲಸ. ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಬಿದ್ದು, ಕೈ ಮುರಿದು, ಪ್ಲೇಟ್ ಹಾಕಿಸಿಕೊಂಡೆ. ಅಂದಿನಿಂದ ಬಲಗೈ ಬಾಡಿಗೆಗೆ ತಂದ ಹಾಗಿದೆ.

ಮೊದಲಾದರೆ ಕೌದಿಗೆ ಇಸ್ತ್ರಿ ಯಾರಿಗೆ ಬೇಕಿತ್ತು? ಕೈಹೊಲಿಗೆ. ಬಟ್ಟೆ ತಾನಾಗಿ ಮಲಗುತ್ತಿತ್ತು. ಈಗ ಸೂಜಿ ಹಿಡಿದರೆ ಬೆರಳು ಜೋಮು, ಅದಕ್ಕೇ ಮಷಿನ್. ಮಷಿನ್‌ನಲ್ಲಿ ಜೋಡಿಸಿದ ಕಡೆ ಹಿಂದೆ ಮಡಿಕೆ ಎದ್ದು ನಿಲ್ಲುತ್ತದೆ. ಬಿಸಿ ಮಾಡಿ ಒತ್ತದಿದ್ದರೆ ಕೂಸಿನ ಬೆನ್ನಿಗೆ ಚುಚ್ಚುತ್ತದೆ.

ದೀಪಾವಳಿ ಹೊತ್ತಿಗೆ ಸುರಭಿಗೆ ದಿನ ತುಂಬುತ್ತದೆ. ಮಗಳ ಚೊಚ್ಚಲು. ನಮ್ಮ ಮನೆತನದಲ್ಲಿ ಕೂಸನ್ನು ಮೊದಲು ಮಲಗಿಸುವುದು ಮುತ್ತಜ್ಜಿ ಉಟ್ಟು ಹಳೆಯದಾದ ಸೀರೆಯ ಕೌದಿಯ ಮೇಲೆ. ಅಂದರೆ ನಮ್ಮ ಅತ್ತೆ ಮುರಿಗೆವ್ವನ ಸೀರೆ. ಬಾಕಿ ತುಂಡುಗಳೆಲ್ಲ ತಯಾರು, ಅತ್ತೆ ಮಾತ್ರ ಸೀರೆ ಕೊಡುತ್ತಿಲ್ಲ. ಕೇಳಿದರೆ ಮಾತು ಬದಲಿಸುತ್ತಾರೆ. ಟ್ರಂಕಿನ ಕೀ ಕೊರಳ ದಾರದಲ್ಲೇ ಇದೆ.

ಇವರು ಆಫೀಸಿನಿಂದ ಬಂದು ಹೇಳಿದರು, “ಆನ್‌ಲೈನ್‌ದಾಗ ಚಲೋ ಚಲೋ ಬೇಬಿ ಬೆಡ್ ಬರ್ತಾವು, ತರಿಸಿಬಿಡೂಣು.” ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಜಯನಗರ ಫೋರ್ತ್ ಬ್ಲಾಕ್. ಹೊಸ ಇಸ್ತ್ರಿಗಾಗಿ ಅಂಗಡಿ ಅಂಗಡಿ ಸುತ್ತಿ ಕಾಲು ನೋವು. ನಾನು ಕೇಳುವುದು ಇಷ್ಟೇ — ಹಗುರ ಇರಬೇಕು, ಚೆನ್ನಾಗಿ ಕಾಯಬೇಕು. ಹಗುರ ಇದ್ದದ್ದು ಕಾಯುವುದಿಲ್ಲ, ಕಾಯುವುದು ಹಗುರ ಇಲ್ಲ. ಕಾವು ಸಾಲದಿದ್ದರೆ ಮೈಭಾರ ಹಾಕಿ ಒತ್ತಬೇಕು. ಆಮೇಲೆ ಹಗುರ ಇದ್ದು ಏನು ಬಂತು?

“ಆಂಟಿ, ಸ್ಟೀಮ್ ತಗೊಳ್ಳಿ. ಸಖತ್ ಲೈಟ್ ವೇಟು,” ಎಂದ ಅಂಗಡಿಯವ. ಡಬ್ಬದ ಮೇಲೂ ಹಾಗೇ ಬರೆದಿತ್ತು. ಒಂದು ನಿಮಿಷ ಎಂದು ಹೊರಗೆ ಒಯ್ದು ಟೊಮೆಟೊ ಮಾರುವಾಕೆಯ ತಕ್ಕಡಿಯಲ್ಲಿ ಇಟ್ಟೆ. ಒಂದೂವರೆ ಕೆಜಿ! “ಇನ್ನು ನೀರ್ ತುಂಬಿದ್ರೆ ಕೇಳೋದೇ ಬೇಡ ಬಿಡಕ್ಕ,” ಎಂದಳು ಆಕೆ. ಅಂಗಡಿಯವನ ಮುಖ ನೋಡಬೇಕಿತ್ತು. ಇವರು ದೂರ ನಿಂತು, ನಾನು ಯಾರೋ ಎನ್ನುವ ಹಾಗೆ ಫೋನ್ ನೋಡುತ್ತಿದ್ದರು.

ಕೊನೆಗೆ ಟ್ರಾವೆಲ್ ಐರನ್ ಅಂತ ಚಿಕ್ಕದೊಂದು ತಂದೆ. ಸ್ಟೀಮೇ, ಆದರೆ ಅಂಗೈಯಷ್ಟು.

ಸೆಪ್ಟೆಂಬರ್ 8, ಸೋಮವಾರ

ಅಂಗೈಯಷ್ಟು ಇಸ್ತ್ರಿಗೆ ಅಂಗೈಯಷ್ಟೇ ಕಾವು. ಬಟ್ಟೆ ಬೆಚ್ಚಗಾಯಿತು, ಮಡಿಕೆ ಮಲಗಲಿಲ್ಲ. ಸ್ಟೀಮ್ ಬಟನ್ ಒತ್ತಿದರೆ ನೀರು ಉಗುಳಿತು. ಕೆಂಪು ತುಂಡಿನ ಬಣ್ಣ ಬಿಳಿ ತುಂಡಿಗೆ ಹತ್ತಿತು. ಥೂ.

ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಪೂರ್ತಿ ಮಸುಕು, ಕಿವಿ ಚುರುಕು. “ಕೌದಿಗೆ ಇಸ್ತ್ರಿ ಅಂತ! ನಾಳೆ ರೊಟ್ಟಿಗೂ ಹೊಡಿತಿ ನೀ.”

ಸಿಟ್ಟು ಬಂತು. “ಕೈ ಮುರದೈತ್ರಿ ಅತ್ತಿ. ಏನ್ ಮಾಡ್ಲಿ ಹೇಳ್ರಿ?”

ಅವರ ಕೈ ಕೊರಳ ಕೀಗೆ ಹೋಯಿತು. ಹಾಗೆ ಹೇಳಬಾರದಿತ್ತು.

ಸೆಪ್ಟೆಂಬರ್ 11, ಗುರುವಾರ

ಸಿಕ್ಕಿತು! ಜೆಪಿ ನಗರದ ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಭಾರ ಎಲ್ಲ ಇರುವುದು ನೀರಿನ ಟ್ಯಾಂಕಿನಲ್ಲಿ, ನನಗೇಕೆ ಟ್ಯಾಂಕು? ಡ್ರೈ ಐರನ್ ಕೇಳಿದೆ, ವಾಟ್ಸ್ ಜಾಸ್ತಿ ಇರುವುದು. ಬ್ಯಾಗಿನಲ್ಲಿ ಹೊಲಿದ ತುಂಡು ಒಯ್ದಿದ್ದೆ. “ಹಾಕಿ ನೋಡಿ ಮೇಡಂ, ಅದಕ್ಕೇನಂತೆ,” ಎಂದು ಪ್ಲಗ್ ತೋರಿಸಿದ ಪುಣ್ಯಾತ್ಮ. ನೀರು ಚಿಮುಕಿಸಿ ಒಮ್ಮೆ ಇಟ್ಟೆ, ಎತ್ತಿದೆ. ಮಡಿಕೆ ಕಾಗದದ ಹಾಗೆ ಚಪ್ಪಟೆ. ಕೈಗೆ ಭಾರವೇ ಇಲ್ಲ. ಅಂಗಡಿಯಲ್ಲೇ ನಕ್ಕುಬಿಟ್ಟೆ.

ಮನೆಗೆ ಬಂದು ತುಂಡನ್ನು ಅತ್ತೆಯ ಕೈಗೆ ಕೊಟ್ಟೆ. ಬೆರಳಾಡಿಸಿ ಹೊಲಿಗೆ ಹುಡುಕಿದರು. ಸಿಗಲಿಲ್ಲ. ತಿರುವಿ ಹುಡುಕಿದರು. ಆಮೇಲೆ ಕೊರಳ ದಾರ ಬಿಚ್ಚಿ ಕೀ ಕೊಟ್ಟರು. “ತಳದಾಗ ಐತಿ. ತಗೊ.”

ಇಳಕಲ್ ಸೀರೆ. ಕಪ್ಪು ನೀಲಿ ಒಡಲು, ಕೆಂಪು ಸೆರಗು. ತೊಳೆದು ತೊಳೆದು ಬೆಣ್ಣೆಯಾಗಿದೆ.

ಸೆಪ್ಟೆಂಬರ್ 13, ಶನಿವಾರ

ಸುಟ್ಟೆ.

ಕತ್ತರಿಸುವ ಮೊದಲು ಇಡೀ ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ. ಒಡಲು ನೂಲು, ಪೂರ್ತಿ ಕಾವಿಗೆ ಇಟ್ಟಿದ್ದೆ. ಸೆರಗು ರೇಷ್ಮೆ. ಇಳಕಲ್ ಸೀರೆ ಉಟ್ಟು ಬೆಳೆದವಳಿಗೆ ಇದು ಗೊತ್ತಿಲ್ಲವೇ? ಕಾವು ಇಳಿಸಬೇಕಿತ್ತು. ಹಳೆಯ ಇಸ್ತ್ರಿಯಾಗಿದ್ದರೆ ಭಾರಕ್ಕೆ ಕೈ ಅಲ್ಲಲ್ಲೇ ನಿಲ್ಲುತ್ತಿತ್ತು. ಇದು ಹಗುರ… ಜಾರಿಕೊಂಡು ಸೆರಗಿಗೆ ಹೋಗಿಬಿಟ್ಟಿತು. ನಡುವೆ ಕಂದು ಕರಕಲು. ಮುಟ್ಟಿದರೆ ಪುಡಿ.

“ಏನದು ವಾಸನಿ?” ಎಂದು ಅತ್ತೆ ಕೇಳಿದರು.

“ಹಾಲು ಹೊತ್ತಿತ್ರಿ,” ಎಂದೆ.

ಸೆಪ್ಟೆಂಬರ್ 22, ಸೋಮವಾರ

ಮಷಿನ್ ಮುಟ್ಟಿಲ್ಲ. ಬೆಳಗಾದರೆ ಅತ್ತೆಯ ಪ್ರಶ್ನೆ, “ದಾನವ್ವಾ, ಎಲ್ಲಿಗೆ ಬಂತು?” ನನ್ನ ಉತ್ತರ, “ನಡದೈತ್ರಿ.” ಮಷಿನ್ ಸದ್ದಿಲ್ಲದ್ದು ಅವರಿಗೆ ಕೇಳದೇ ಇರುತ್ತದೆಯೇ? ನಾಚಿಕೆಯಾಗುತ್ತದೆ. ಸೀರೆ ಬೀರುವಿನಲ್ಲಿದೆ, ನನ್ನ ಸೀರೆಗಳ ಕೆಳಗೆ.

ಸೆಪ್ಟೆಂಬರ್ 24, ಬುಧವಾರ

ಹೇಳಿದೆ. ಇವರು ಆಫೀಸಿಗೆ ಹೋದ ಮೇಲೆ ಅತ್ತೆಯ ಎದುರು ಕುಳಿತು ಒಂದೇ ಉಸಿರಿಗೆ ಹೇಳಿಬಿಟ್ಟೆ. ಬಯ್ಯಲಿ ಎಂದು ಕಾದೆ.

“ಒಡಲ ಸುಟ್ಟೈತೇನು?”

“ಇಲ್ರಿ. ಸೆರಗು ಅಷ್ಟ.”

“ಕೈಗೆ ಕೊಡು.”

ಕೊಟ್ಟೆ. ಸುಟ್ಟ ಅಂಚಿನ ಗುಂಟ ಬೆರಳು ಹೋಯಿತು. ಆಮೇಲೆ ಹೇಳಿದರು, “ನನ್ನ ಚೊಚ್ಚಲ ಕೂಸು ಈ ಸೆರಗಿನ ಕೆಳಗ ಜೀವ ಬಿಡ್ತು, ದಾನವ್ವಾ. ಜ್ವರ ಬಂದಿತ್ತು. ಹೆಣ್ಣು. ಅದಕ್ಕ ಕೊಡಾಕ ಮನಸ್ಸ ಬರ್ತಿದ್ದಿಲ್ಲ. ಸುರಭಿ ಕೂಸಿಗೆ ಇದನ್ನ ಹೆಂಗ ಹಾಸೂದು? ನಿನ್ನ ಹೊಲಿಗಿ ಮುಟ್ಟಿದೆ, ಆಸೆ ಆತು, ಕೊಟ್ಟೆ. ಕೊಟ್ಟಾಗಿಂದ ನಿದ್ದಿ ಇಲ್ಲ ನನಗ.” ಸೆರಗು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ಸುಟ್ಟದ್ದ ಚಲೋ ಆತು ಬಿಡು. ಒಡಲ ಅಷ್ಟ ಹಾಕು. ಸೆರಗ ಕತ್ತರಿಸಿ ನನಗ ಕೊಡು.”

ಇವರೇ ಅತ್ತೆಯ ಚೊಚ್ಚಲು ಎಂದು ತಿಳಿದಿದ್ದೆ. ಇವರೂ ಹಾಗೇ ತಿಳಿದಿದ್ದಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತೇ ಇರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಕ್ಟೋಬರ್ 5, ಭಾನುವಾರ, ಸಂಜೆ

ಕೌದಿ ಮುಗಿಯುತ್ತಾ ಬಂತು. ಒಂದು ಮೂಲೆ ಬಾಕಿ. ಮಣಿಕಟ್ಟು ಒಂದು ದಿನವೂ ನೋಯಲಿಲ್ಲ. ಸುರಭಿ ಇವತ್ತು ಬಂದಿಳಿದಳು, ಅಪ್ಪನ ಜೊತೆ ಮಾತಾಡುತ್ತಾ ಹೊರಗೆ ಕುಳಿತಿದ್ದಾಳೆ.

ಕೌದಿಯನ್ನು ಅತ್ತೆಯ ಮುಂದೆ ಹಾಸಿದೆ. ಅಂಗೈಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದರು. ಖುಷಿಯಾದಂತೆ ಕಂಡಿತು. ಆಮೇಲೆ ತಲೆದಿಂಬಿನ ಕೆಳಗೆ ಕೈ ಹಾಕಿ ಸೆರಗು ತೆಗೆದರು.

“ಇದರಾಗ ಸುಡದೇ ಉಳಿದದ್ದು ಏನರ ಐತೇನು?”

“ಐತ್ರಿ. ಅಂಚಿಗೆ ಏನೂ ಆಗಿಲ್ಲ.”

“ಕತ್ತರಿಸಿ ಆ ಮೂಲ್ಯಾಗ ಕೂಡಿಸು.”

“ಬ್ಯಾಡ ಅಂದಿದ್ರೆಲ್ರಿ ಅತ್ತಿ?”

“ಅಂದಿದ್ದೆ.” ಹೊರಗೆ ಸುರಭಿ ನಗುವುದು ಕೇಳಿಸುತ್ತಿತ್ತು. “ಅದೂ ನಮ್ಮ ಮನಿ ಕೂಸ ಅಲ್ಲೇನ? ಒಂದು ಮೂಲ್ಯಾಗ ಇರಲಿ.”

ಕತ್ತರಿಸಿದೆ. ಕೆಂಪು ಚೂರು, ಎರಡು ಬೆರಳಗಲ. ಇಸ್ತ್ರಿಯ ಕಾವು ರೇಷ್ಮೆಗೆ ಇಳಿಸಿದ್ದೇನೆ. ಅದು ಆರುವವರೆಗೆ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಚೂರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತಿದ್ದಾರೆ. ಅವಸರ ಮಾಡುತ್ತಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿದೆ, ಚುರ್ ಎಂದಿತು. ಇನ್ನೂ ಬಿಸಿ. ಇನ್ನೊಂದು ಸ್ವಲ್ಪ ಹೊತ್ತು ಕಾಯುತ್ತೇನೆ.