ದೋಣಿಯ ತಳದಲ್ಲಿ ಮಲಗಿದ ಮದುಮಗಳು

ಅಪ್ಪಾ,

ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇಹೋಗುತ್ತದೆ! ಮದುವೆಯಾಗಿ ಆರು ದಿನ. ನಿನ್ನೆ ಗಂಡನ ಜೊತೆ ನಮ್ಮ ದ್ವೀಪ ಐಲುಕ್‌ನಿಂದ ಪಡುವಣಕ್ಕಿರುವ ಅವನ ಲಿಕೀಪ್ ದ್ವೀಪಕ್ಕೆ ಹಾಯಿದೋಣಿಯಲ್ಲಿ ಹೊರಟೆ. ಚುಕ್ಕಾಣಿ ಹಿಡಿದವರು ಅವನ ಸೋದರಮಾವ ಕಿಟ್ಲಾಂಗ್. ಎಷ್ಟು ಚೆಂದದ ಗಂಡ ಅಪ್ಪಾ, ಎಷ್ಟು ಚೆಂದದ ದೋಣಿ!

ಮಧ್ಯಾಹ್ನ ಮಳೆ ಕವಿದು ಸೂರ್ಯನೇ ಕಾಣದಾದ. ನಾನು ತಿಂದ ದೀವಿಹಲಸನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಹಿಂಬದಿಗೆ ಕಾಲು ಚಾಚಿ ದೋಣಿಯ ತಳದಲ್ಲಿ ಮಲಗಿಬಿಟ್ಟೆ. ಆಗ ಮೂಡಣದ ಅಲೆ ಮೈಗೆ ತಿಳಿಯಿತು. ಚಿಕ್ಕಂದಿನಲ್ಲಿ ಕಣ್ಣಿಗೆ ನಿನ್ನ ಕೆಂಪು ಬಟ್ಟೆ ಕಟ್ಟಿ, ನೀರಿನಲ್ಲಿ ತೇಲಿಸಿ ನೀನು ಕಲಿಸಿದ್ದ ಅದೇ ಅಲೆ. ಕಾಲಿನ ಕಡೆಯಿಂದ ಬರಬೇಕಾದದ್ದು ಪಕ್ಕೆಗೆ ಬಡಿಯುತ್ತಿತ್ತು.

“ಮಾವಾ, ದೋಣಿ ದಕ್ಷಿಣಕ್ಕೆ ತಿರುಗಿಬಿಟ್ಟಿದೆ!”

“ನೋಡೋ, ನಿನ್ನ ಇಂಗ್ಲಿಷ್ ಓದಿದ ಹೆಂಡ್ತಿ ವಾಂತಿ ಮಾಡ್ಕೋತಾ ದಾರೀನೂ ತೋರಿಸ್ತಾಳೆ,” ಎಂದು ಮಾವ ನಕ್ಕರು. ನಗುತ್ತಲೇ ಚುಕ್ಕಾಣಿಯನ್ನು ನನ್ನ ಗಂಡನ ಕೈಗೆ ಕೊಟ್ಟು, ನನ್ನ ಪಕ್ಕ ಮಲಗಿ ಕಣ್ಣು ಮುಚ್ಚಿದರು. ಎದ್ದವರೇ ದೋಣಿ ತಿರುಗಿಸಿದರು. ಸಂಜೆಯೊಳಗೆ ಲಿಕೀಪ್‌ನ ತೆಂಗಿನ ಮರಗಳು ಕಂಡವು!

“ಯಾರಮ್ಮ ಕಲಿಸಿದ್ದು?” ಮಾವ ಕೇಳಿದರು.

“ಅಪ್ಪ.”

“ನಾಲ್ಕು ದಿಕ್ಕಿನ ಅಲೆಗಳನ್ನೂ ಕಲಿತ್ಯಾ?”

“ಎರಡು.”

“ಇನ್ನೆರಡು ಯಾಕೆ ಬಿಟ್ಟೆ?”

ಇನ್ನೆರಡನ್ನು ಕಲಿಸುತ್ತೇನೆ, ರಜೆಗೆ ಬಾ ಎಂದು ನೀನು ಹಾಸ್ಟೆಲಿಗೆ ಹೇಳಿಕಳಿಸಿದಾಗ ಪರೀಕ್ಷೆ ಇದೆ ಎಂದಿದ್ದೆ. ನಿನ್ನೆ ಹೊಟ್ಟೆ ತೊಳಸುತ್ತಿದೆ ಎಂದು ಮಾವನಿಗೆ ಹೇಳಿ ಮತ್ತೆ ಮಲಗಿದೆ. ಆಗ ಪರೀಕ್ಷೆ ಇರಲಿಲ್ಲ; ನಿನ್ನೆ ಆ ಹೊತ್ತಿಗೆ ಹೊಟ್ಟೆಯೂ ಸರಿಹೋಗಿತ್ತು.

ಉಳಿದೆರಡು ಅಲೆ ಕಲಿಸಲು ನಾಳೆ ಬೆಳಿಗ್ಗೆ ಮಾವ ನನ್ನನ್ನು ನೀರಿನಲ್ಲಿ ತೇಲಿಸುತ್ತಾರಂತೆ. ಕಣ್ಣಿಗೆ ಕಟ್ಟಲು ನಿನ್ನ ಕೆಂಪು ಬಟ್ಟೆಯೇ ಇದೆ. ಮದುವೆಯ ಪೆಟ್ಟಿಗೆಯಲ್ಲಿ ಮೊದಲು ಇಟ್ಟದ್ದೇ ಅದನ್ನು.